ಬಂಡೀಪುರದ ಬಾಗಿಲಲ್ಲಿ ಎರಡು ಗಂಟೆ

ಅರಳಗುಪ್ಪೆ
೧೮ ಆಗಸ್ಟ್ ೨೦೨೪

ಲೇ ಜ್ಞಾನಿ,

ಕಾಗದ ನೋಡಿ ಗಾಬರಿ ಬೀಳಬೇಡ, ಎಲ್ಲರೂ ಬದುಕಿದ್ದೇವೆ. ಫೋನ್ ಮಾಡಿದರೆ ನೀನು ಎತ್ತುವುದಿಲ್ಲ. ಮೆಸೇಜ್ ಹಾಕಿದರೆ ಓದಿದ ಗುರುತು ಮಾತ್ರ ಬರುತ್ತದೆ. ಕಾಗದವನ್ನು ಕಟ್ ಮಾಡಲು ಆಗುವುದಿಲ್ಲವಲ್ಲ ಅಂತ ಲಿಖಿತಾಳ ನೋಟ್‌ಬುಕ್ಕಿನಿಂದ ಹಾಳೆ ಕಿತ್ತುಕೊಂಡು ಕೂತಿದ್ದೇನೆ. ನಾನು ಮರದಿಂದ ಬಿದ್ದಾಗ ಅವಳು ಮೂರನೇ ಕ್ಲಾಸು. ಈಗ ಆರನೇದು. ನನ್ನ ಕಾಗುಣಿತ ತಿದ್ದುವಷ್ಟು ದೊಡ್ಡವಳಾಗಿದ್ದಾಳೆ.

ಹೋದ ತಿಂಗಳು ಮಹಾಂತೇಶ್ ಬಂದಿದ್ದ, ತಿಪಟೂರಿನಲ್ಲಿ ನಮ್ಮ ಜೊತೆ ಪಿಯುಸಿ ಓದಿದವನು. ಮದುವೆಗೆ ಅಂತ ಮೈಸೂರಿಗೆ ಹೋದಾಗ ನಿನ್ನನ್ನು ನೋಡಿದನಂತೆ. ಎಳನೀರು ವ್ಯಾಪಾರ ಬಿಟ್ಟು ಈಗ ಕ್ಯಾರವಾನ್ ಓಡಿಸುತ್ತೀಯಂತೆ. ಒಳಗೇ ಮಂಚ, ಒಲೆ, ಬಚ್ಚಲು ಎಲ್ಲ ಇರುವ ಗಾಡಿ, ದಿನದ ಬಾಡಿಗೆಗೆ ಸಿಗುತ್ತದೆ ಅಂದ. ನಿನ್ನ ವಿಳಾಸ ಅವನಿಂದಲೇ ತೆಗೆದುಕೊಂಡೆ.

ಅವನು ಹೋದ ಮೇಲೆ ನನಗೆ ಅದೇ ಯೋಚನೆಯಾಗಿದೆ. ಸೊಂಟದಿಂದ ಕೆಳಗೆ ಸ್ವಾಧೀನವಿಲ್ಲದವನು ಬಸ್ಸು ಹತ್ತುವಂತಿಲ್ಲ. ಕಾರಿನಲ್ಲಿ ಒಂದು ಗಂಟೆ ಕೂತರೆ ಬೆನ್ನಿನ ಹುಣ್ಣು ಬಾಯಿ ಬಿಡುತ್ತದೆ. ಮೂತ್ರದ ಚೀಲ ಖಾಲಿ ಮಾಡಲು ಅನಿತಾ ರಸ್ತೆಬದಿಯಲ್ಲಿ ಮರೆ ಹುಡುಕಬೇಕು. ಮೂರು ವರ್ಷದಲ್ಲಿ ನಾನು ನೋಡಿದ ಊರೆಂದರೆ ತುಮಕೂರು, ಅದೂ ಆಸ್ಪತ್ರೆಯ ಚಾವಣಿ. ಮಲಗಿಕೊಂಡೇ ಹೋಗುವ ಗಾಡಿ ಇದೆ ಅಂದಮೇಲೆ ಮೈಸೂರು ನೋಡಬೇಕು ಅನ್ನಿಸಿದೆ. ಅರಮನೆ, ರಂಗನತಿಟ್ಟು, ಆಮೇಲೆ ಬಂಡೀಪುರ. ಮೂರು ದಿನ ಸಾಕು.

ಪಿಯುಸಿಯಲ್ಲಿ ಮನೆಯಲ್ಲಿ ಹೇಳದೆ ಮೈಸೂರಿಗೆ ಹೊರಟು, ನೀನು ವಾಂತಿ ಮಾಡಿಕೊಂಡು, ಚನ್ನರಾಯಪಟ್ಟಣದಲ್ಲೇ ಇಳಿದು ದೋಸೆ ತಿಂದು ವಾಪಸು ಬಂದೆವಲ್ಲ. ಈಗ ಅದೇ ದಾರಿಯಲ್ಲಿ ನೀನು ಡ್ರೈವರು.

ಗಾಡಿ ನೀನೇ ಓಡಿಸಬೇಕು. ಬೇರೆಯವರು ಬೇಡ.

ನಿನ್ನ
ದಯಾ

---

ಮೈಸೂರು
೫ ಸೆಪ್ಟೆಂಬರ್ ೨೦೨೪

ದಯಾನಂದನಿಗೆ,

ಕಾಗದ ತಲುಪಿತು. ಮನೆಯವರೆಲ್ಲ ಆರೋಗ್ಯವಾಗಿದ್ದೀರೆಂದು ಭಾವಿಸುತ್ತೇನೆ.

ನಮ್ಮ ಗಾಡಿ ನಿನ್ನಂಥವರಿಗೆ ಅನುಕೂಲವಾಗುವಂತೆ ಮಾಡಿದ್ದಲ್ಲ. ಮೆಟ್ಟಿಲು ಎತ್ತರ, ಬಾಗಿಲು ಕಿರಿದು, ವೀಲ್‌ಚೇರ್ ಒಳಗೆ ಹೋಗುವುದು ಕಷ್ಟ. ದಾರಿಯಲ್ಲಿ ನಿನಗೆ ಏನಾದರೂ ಆದರೆ ಜವಾಬ್ದಾರಿ ಯಾರದು? ಆದರೂ ಹೋಗಲೇಬೇಕು ಅಂತಿದ್ದರೆ ಹಾಲಸ್ವಾಮಿ ಎಂಬುವರನ್ನು ಕಳಿಸಿಕೊಡುತ್ತೇನೆ. ನಮ್ಮಲ್ಲಿ ಎಲ್ಲರಿಗಿಂತ ಹಳೆಯ ಡ್ರೈವರ್ ಅವರೇ, ಬಹಳ ನಿಧಾನದ ಮನುಷ್ಯ.

ನನಗೆ ಆ ತಿಂಗಳು ಪೂರ್ತಿ ಬೇರೆ ಕಡೆ ಡ್ಯೂಟಿ ಇದೆ.

ಇಂತಿ
ಜ್ಞಾನೇಶ್

---

ಅರಳಗುಪ್ಪೆ
೨೨ ಸೆಪ್ಟೆಂಬರ್ ೨೦೨೪

ಲೇ ಜ್ಞಾನಿ,

ನಾನು ಯಾವ ತಿಂಗಳು ಅಂತ ಬರೆದೇ ಇರಲಿಲ್ಲ. ನಿನಗೆ ಯಾವ ತಿಂಗಳು ಡ್ಯೂಟಿ?

ನಿಮ್ಮ ಆಫೀಸಿಗೆ ಫೋನ್ ಮಾಡಿ ಬಾಗಿಲಿನ ಅಗಲ ಕೇಳಿದೆ. ಪಾಪ ಅಲ್ಲಿನ ಹುಡುಗಿ ಟೇಪು ಹಿಡಿದು ಅಳೆದು ಹೇಳಿದಳು. ನನ್ನ ಕುರ್ಚಿ ಅದಕ್ಕಿಂತ ಎರಡು ಇಂಚು ಕಮ್ಮಿ ಇದೆ. ಮೆಟ್ಟಿಲಿಗೆ ಹಲಗೆ ಇಟ್ಟರಾಯಿತು. ಜವಾಬ್ದಾರಿ ನನ್ನದೇ ಅಂತ ಬರೆದು ಸಹಿ ಹಾಕಿ ಕೊಡುತ್ತೇನೆ. ಆಸ್ಪತ್ರೆಯವರು ಕೇಳಿದ ಕಡೆಯೆಲ್ಲ ಸಹಿ ಹಾಕಿ ಅಭ್ಯಾಸವಾಗಿದೆ.

ಅನಿತಾಗೆ ಇದು ಇಷ್ಟವಿಲ್ಲ. "ಮೂರು ವರ್ಷ ಈ ಕಡೆ ತಲೆ ಹಾಕ್ದೇ ಇರೋನ್ನ ಕಾಗ್ದ ಬರ್ದು ಕರೀಬೇಕಾ? ನಿಮ್ಗೆ ಮಾನ ಇಲ್ವಾ?" ಅಂದಳು. ನಾನು, "ಅವ್ನು ಈ ಕಡೆ ಬರ್ದೆ ಇರೋದಕ್ಕೆ ಏನೋ ಕಾರಣ ಇರುತ್ತೆ ಬುಡು" ಅಂದೆ. ಅವಳು ಪಾತ್ರೆ ತೊಳೆಯುವ ಸದ್ದನ್ನು ಸ್ವಲ್ಪ ಜಾಸ್ತಿ ಮಾಡಿದಳು. ಆಮೇಲೆ ತಾನೇ ಬಂದು, ಮೈಸೂರಿನಲ್ಲಿ ಚಳಿ ಇರುತ್ತಾ ಅಂತ ಕೇಳಿದಳು. ಮೂರು ವರ್ಷದಿಂದ ಅವಳೂ ಎಲ್ಲಿಗೂ ಹೋಗಿಲ್ಲ ಜ್ಞಾನಿ. ತವರಿಗೆ ಹೋದರೂ ಹೊತ್ತು ಮುಳುಗುವುದರೊಳಗೆ ಬರಬೇಕು, ನನ್ನನ್ನು ಮಗ್ಗುಲು ಹೊರಳಿಸಲು.

ನವೆಂಬರ್ ಹದಿನೈದು ಶುಕ್ರವಾರ. ಲಿಖಿತಾಳಿಗೆ ಶಾಲೆಯಲ್ಲಿ ಎರಡು ದಿನ ರಜೆ ಕೇಳಿದರಾಯಿತು. ಅದಕ್ಕಿಂತ ಮುಂದಕ್ಕೆ ಹಾಕುವುದು ಬೇಡ.

ಒಂದು ಮಾತು. ನನಗೆ ನಿನ್ನ ಮೇಲೆ ಸಿಟ್ಟಿದೆ ಅಂದುಕೊಂಡಿದ್ದೀಯ. ಇದೆಯೋ ಇಲ್ಲವೋ ನನಗೇ ಗೊತ್ತಿಲ್ಲ. ನೀನು ಎದುರಿಗೆ ಬಂದರೆ ಗೊತ್ತಾಗುತ್ತದೆ.

ದಯಾ

---

ಮೈಸೂರು
೯ ಅಕ್ಟೋಬರ್ ೨೦೨೪

ದಯಾ,

ಹದಿನೈದಕ್ಕೆ ಬರುತ್ತೇನೆ. ಬೆಳಿಗ್ಗೆ ಏಳಕ್ಕೆ ಗಾಡಿ ನಿಮ್ಮ ಮನೆ ಮುಂದೆ ಇರುತ್ತದೆ. ಹಲಗೆ ಮಾಡಿಸಿದ್ದೇನೆ, ಜಾರದಂತೆ ಮೇಲೆ ರಬ್ಬರ್ ಹೊಡೆಸಿದ್ದೇನೆ. ಮಂಚದ ಪಕ್ಕದ ಕಿಟಕಿ ದೊಡ್ಡದಿದೆ. ಗಾಳಿ ತುಂಬುವ ಹಾಸಿಗೆ ಒಂದು ಸಿಕ್ಕಿದೆ, ಹುಣ್ಣಿಗೆ ಒಳ್ಳೆಯದಂತೆ. ಡಾಕ್ಟರ ಚೀಟಿಗಳನ್ನೆಲ್ಲ ಜೊತೆಗೆ ಇಟ್ಟುಕೊಳ್ಳಲು ಅನಿತಾಗೆ ಹೇಳು.

ಜ್ಞಾನಿ

---

ಅರಳಗುಪ್ಪೆ
೨೫ ನವೆಂಬರ್ ೨೦೨೪

ಜ್ಞಾನೇಶಣ್ಣನಿಗೆ ಅನಿತಾ ಮಾಡುವ ನಮಸ್ಕಾರಗಳು.

ನಾನು ಕಾಗದ ಬರೆದು ಎಷ್ಟೋ ವರ್ಷವಾಯಿತು, ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ. ಮೈಸೂರಿನಿಂದ ಬಂದ ಮೂರನೇ ದಿನದಿಂದ ಇವರಿಗೆ ಜ್ವರ. ಕೈ ನಡುಗುತ್ತದೆ. ಅದಕ್ಕೇ ನಾನು ಬರೆಯುತ್ತಿದ್ದೇನೆ.

ಪ್ರವಾಸದಿಂದ ಜ್ವರ ಬಂತು ಅಂತ ನೀವು ಅಂದುಕೊಳ್ಳಬೇಡಿ. ಎರಡೂ ಕಿಡ್ನಿಗೆ ಸೋಂಕು ಏರಿದೆ ಅಂತ ಜುಲೈನಲ್ಲೇ ಡಾಕ್ಟರು ಹೇಳಿದ್ದರು. ಇವರು ನಿಮಗೆ ಹೇಳಬಾರದು ಅಂತ ನನ್ನಿಂದ ಮಾತು ತೆಗೆದುಕೊಂಡಿದ್ದರು. ನೀವು ಬಂದಾಗ ನಾನು ಮುಖ ಕೊಟ್ಟು ಮಾತಾಡಲಿಲ್ಲ. ಮೊದಲ ದಿನ ನಿಮ್ಮ ಕೈಯಿಂದ ನೀರಿನ ಲೋಟವನ್ನೂ ತೆಗೆದುಕೊಳ್ಳಲಿಲ್ಲ. ಅದಕ್ಕೆ ಬೇಜಾರು ಮಾಡಿಕೊಳ್ಳಬೇಡಿ. ಅಷ್ಟು ಮಾಡಿದಿರಿ, ಸ್ವಂತ ಅಣ್ಣನೂ ಮಾಡುತ್ತಿರಲಿಲ್ಲ.

ಒಂದು ವಿಷಯ ಕೇಳಬೇಕು. ಭಾನುವಾರ ಬಂಡೀಪುರದಲ್ಲಿ ನಾನೂ ಲಿಖಿತಾನೂ ಸಫಾರಿ ಬಸ್ಸಿನಲ್ಲಿ ಕಾಡಿಗೆ ಹೋದಾಗ ನೀವಿಬ್ಬರೇ ಎರಡು ಗಂಟೆ ಗಾಡಿಯಲ್ಲಿದ್ದಿರಿ. ವಾಪಸು ಬಂದಾಗಿನಿಂದ ಇವರು ಸುಮ್ಮನಾಗಿಬಿಟ್ಟಿದ್ದಾರೆ. ಲಿಖಿತಾ ಆನೆ ನೋಡಿದ್ದನ್ನು ಕುಣಿದು ಕುಣಿದು ಹೇಳಿದರೂ ಬರೀ ಹೂಂ ಅಂದರು. "ಅಲ್ಲೇನ್ ಮಾತಾಡುದ್ರಿ?" ಅಂತ ಕೇಳಿದರೆ, "ಟೀ ಕುಡುದ್ವಿ" ಅಂತಾರೆ. ಆದರೆ ಪೋಸ್ಟಿನವರು ಬರುವ ಹೊತ್ತಿಗೆ ದಿನಾ ಬಾಗಿಲು ನೋಡುತ್ತಾರೆ.

ಏನಾದರೂ ಬರೆಯಿರಿ.

ಇಂತಿ ನಿಮ್ಮ ತಂಗಿ
ಅನಿತಾ

---

ಮೈಸೂರು
೨ ಡಿಸೆಂಬರ್ ೨೦೨೪

ದಯಾ,

ಅನಿತಾ ಬರೆದ ಕಾಗದ ಬಂತು. ಜುಲೈನಲ್ಲೇ ನಿನಗೆ ಗೊತ್ತಿತ್ತು ಅನ್ನುವುದನ್ನು ಓದಿ ಆ ದಿನ ಗಾಡಿ ತೆಗೆಯಲಿಲ್ಲ. ಹಾಲಸ್ವಾಮಿಯವರೇ ನನ್ನ ಪಾಳಿಯನ್ನೂ ಮಾಡಿದರು.

ನೀನು ಮೂರು ದಿನ ಏನು ನೋಡಿದೆಯೋ ಕಾಣೆ, ನಾನಂತೂ ಕನ್ನಡಿಯಲ್ಲಿ ನಿನ್ನನ್ನೇ ನೋಡುತ್ತಿದ್ದೆ. ನುಗ್ಗೇಹಳ್ಳಿ ದಾಟಿ ಚನ್ನರಾಯಪಟ್ಟಣ ಬಂದಾಗ ನೀನು ಹಿಂದಿನಿಂದ, "ಲೇ, ವಾಂತಿ ಬಂದ್ರೆ ಹೇಳ್ಲಾ, ನಿಲ್ಲುಸ್ತೀನಿ" ಅಂದೆ. ಲಿಖಿತಾ ನಕ್ಕಳು. ನನಗೆ ನಗಲು ಆಗಲಿಲ್ಲ.

ರಂಗನತಿಟ್ಟಿನಲ್ಲಿ ದೋಣಿಯವರು ಕುರ್ಚಿ ಹತ್ತಿಸುವಂತಿಲ್ಲ ಅಂದರು. ನಿನ್ನನ್ನು ಎತ್ತಿಕೊಂಡೆ. ಎತ್ತುವಾಗ ಭಾರಕ್ಕೆ ಸಿದ್ಧನಾಗಿದ್ದೆ, ಆದರೆ ನಿನ್ನಲ್ಲಿ ಭಾರವೇ ಇರಲಿಲ್ಲ. ಹೊರೆಗಟ್ಟಲೆ ಕಾಯಿ ಹೊರುತ್ತಿದ್ದವನ ಕಾಲು ನನ್ನ ಮೊಣಕೈ ಮೇಲೆ ಒಣಗಿದ ಗರಿಯ ಹಾಗೆ ಜೋತಾಡುತ್ತಿತ್ತು. ನೀನು ಬಂಡೆಯ ಮೇಲೆ ಬಾಯಿ ತೆರೆದು ಮಲಗಿದ್ದ ಮೊಸಳೆ ತೋರಿಸಿ, "ನನ್ ಥರಾನೇ ಬಿದ್ದವ್ನೆ ನೋಡು" ಅಂದೆ. ದೋಣಿಯಲ್ಲಿದ್ದವರೆಲ್ಲ ಬೇರೆ ಕಡೆ ನೋಡಿದರು.

ಅರಮನೆಯಲ್ಲಿ ಮೇಲಿನ ದರ್ಬಾರು ನೋಡು, ಹೊತ್ತುಕೊಂಡು ಹೋಗುತ್ತೇನೆ ಅಂದರೆ ಬೇಡ ಅಂದೆ. ಮೆಟ್ಟಿಲ ಕೆಳಗೆ ನಿನ್ನ ಕುರ್ಚಿಯ ಪಕ್ಕ ನಾನೂ ನಿಂತೆ. ಅಲ್ಲೂ ನೀನು ನನ್ನ ಮುಖ ನೋಡಿದೆ. ಕಾರಂಜಿ ಕೆರೆಯ ದಂಡೆಯಲ್ಲೂ ನೋಡಿದೆ. ಏನೋ ಕೇಳುತ್ತೀಯ ಅಂತ ಪ್ರತಿ ಸಲ ನಾನು ಗಾಡಿಯ ಕೀ ಹುಡುಕುವವನ ಹಾಗೆ ಜೇಬು ತಡಕಿದೆ.

ಬಂಡೀಪುರದ ಬಾಗಿಲಲ್ಲಿ ಅನಿತಾ, ಲಿಖಿತಾ ಸಫಾರಿಗೆ ಹೋದರು. ನಿನ್ನನ್ನು ಕಿಟಕಿಯ ಕಡೆಗೆ ಹೊರಳಿಸಿದೆ. ಟೀ ಇಟ್ಟೆ. ಆಗ ನೀನು, "ಈಗ್ ಹೇಳ್ಲಾ ಜ್ಞಾನಿ, ಯಾರೂ ಇಲ್ಲ" ಅಂದೆ. ನಾನು ಏನು ಹೇಳಿದೆ? ಗಾಡಿ ಲೀಟರಿಗೆ ಎಂಟು ಕಿಲೋಮೀಟರ್ ಕೊಡುತ್ತದೆ ಅಂದೆ. ಬ್ಯಾಟರಿ, ನೀರಿನ ಟ್ಯಾಂಕು, ಎಲ್ಲ ಹೇಳಿದೆ. ಎರಡು ಗಂಟೆ ದಯಾ. ಕಿಟಕಿಯಾಚೆ ಜಿಂಕೆಗಳ ಹಿಂಡು ಬಂದು ಮೇದು ಹೋಯಿತು. ನೀನು ಕೊನೆಗೆ, "ಸರಿ ಬುಡು" ಅಂದು ಕಣ್ಣು ಮುಚ್ಚಿಕೊಂಡೆ. ನಿದ್ದೆ ಬಂದಿರಲಿಲ್ಲ, ನನಗೆ ಗೊತ್ತು.

ಆ ಎರಡು ಗಂಟೆಯಲ್ಲಿ ಹೇಳದೆ ಹೋದದ್ದನ್ನು ಈಗ ಬರೆಯುತ್ತೇನೆ.

ಅವತ್ತು ನೀನು ಕಾಲಿಗೆ ಹಾಕಿಕೊಂಡಿದ್ದ, ತೆಂಗಿನ ಮರ ಹತ್ತುವ ಆ ಯಂತ್ರ ನನ್ನದು. ನೀನು ಬೀಳುವ ಹಿಂದಿನ ದಿನ ಕಂದಿಕೆರೆಯ ತೋಟವೊಂದರಲ್ಲಿ ಅದನ್ನು ಬಿಚ್ಚುವಾಗ ಕೈಗೆ ಚುಚ್ಚಿತು. ನೋಡಿದರೆ ಎಡಗಾಲಿನ ಕಡೆ ಮರ ಸುತ್ತುವ ಉಕ್ಕಿನ ತಂತಿಯಲ್ಲಿ ನಾಲ್ಕಾರು ಎಳೆ ಕಿತ್ತು ಹೊರಗೆ ನಿಂತಿದ್ದವು. ಹೊಸದು ಹಾಕಿಸಬೇಕು, ತಿಪಟೂರಿಗೆ ಹೋದಾಗ ನೋಡೋಣ ಅಂದುಕೊಂಡೆ. ಮಾರನೇ ದಿನ ನಿನ್ನ ತೋಟಕ್ಕೆ ಲಾರಿ ಬಂತು, ಮರ ಹತ್ತುವವರು ಬರಲಿಲ್ಲ. "ನಾನೇ ಹತ್ತುತೀನಿ ಬುಡ್ಲಾ" ಅಂತ ನೀನು ಯಂತ್ರ ಕೈಗೆ ತೆಗೆದುಕೊಂಡೆ. ಹೇಳಬೇಕು ಅಂತ ಬಾಯಿ ತೆರೆದೆ. ಲಾರಿಯವನು ಹಾರನ್ ಹೊಡೆದ. ಇವತ್ತೊಂದು ದಿನ ತಡೆಯುತ್ತೆ ಅಂದುಕೊಂಡು ಬಾಯಿ ಮುಚ್ಚಿಕೊಂಡೆ. ಹದಿನಾರು ಮರ ತಡೆಯಿತು.

ಓಡಿ ಬಂದವರಿಗೆಲ್ಲ, "ಕಾಲು ಜಾರ್ತು" ಅಂತ ಹೇಳಿದವನು ನಾನೇ. ಆಂಬುಲೆನ್ಸ್ ಬರುವ ಮೊದಲು ಮರದಿಂದ ಯಂತ್ರ ಬಿಚ್ಚಿ ಗಾಡಿಗೆ ಹಾಕಿದವನೂ ನಾನೇ. ನೀನು ಕೆಳಗೆ ಬಿದ್ದಿದ್ದೆ, ನಾನು ತಂತಿ ಬಿಚ್ಚುತ್ತಿದ್ದೆ. ಇದಕ್ಕಿಂತ ಕೆಟ್ಟದ್ದನ್ನು ನಾನು ಮಾಡಿಲ್ಲ, ಮಾಡುವುದೂ ಇಲ್ಲ.

ಕ್ಷಮಿಸು ಅಂತ ಕೇಳಲು ಬಾಯಿ ಬರುತ್ತಿಲ್ಲ. ನಿನಗೆ ತಿಳಿಯಬೇಕಿತ್ತು, ಬರೆದಿದ್ದೇನೆ. ಬಾ ಅಂದರೆ ಬರುತ್ತೇನೆ. ಬರಬೇಡ ಅಂದರೆ ಅದನ್ನಾದರೂ ಬರೆ.

ಜ್ಞಾನಿ

---

ತುಮಕೂರು
೯ ಡಿಸೆಂಬರ್ ೨೦೨೪

ಪ್ರೀತಿಯ ಜ್ಞಾನಿಗೆ,

(ಇದು ಅಪ್ಪ ಹೇಳಿದ್ದು, ಬರೆದದ್ದು ಲಿಖಿತಾ. ಅಪ್ಪನನ್ನು ಇಲ್ಲಿ ಆಸ್ಪತ್ರೆಗೆ ಸೇರಿಸಿ ಐದು ದಿನ ಆಯಿತು.)

ನಿನ್ನ ಕಾಗದ ಬಂತು. ಅನಿತಾ ಓದಿ ಹೇಳಿದಳು. ಚೆನ್ನಾಗಿ ಬರೆದಿದ್ದೀಯ. ರಂಗನತಿಟ್ಟಿನದು, ಅರಮನೆಯದು ಎಲ್ಲ ಮತ್ತೆ ನೋಡಿದ ಹಾಗಾಯಿತು. ಅನಿತಾ ದಡದಲ್ಲೇ ಕುರ್ಚಿ ಕಾಯುತ್ತಿದ್ದಳಲ್ಲ, ಮೊಸಳೆ ವಿಷಯ ಅವಳಿಗೆ ಗೊತ್ತಿರಲಿಲ್ಲ, ಓದುವಾಗ ಬೈದಳು.

ಇನ್ನೇನಾದರೂ ಬರೆಯುವುದಿದ್ದರೆ ಬರೆ. ಬೇಗ ಬರೆ. ನಾನು ಇಲ್ಲೇ ಇರುತ್ತೇನೆ.

ದಯಾ

(ಜ್ಞಾನಿ ಮಾವ, ಸಫಾರಿಯಲ್ಲಿ ನಿಮ್ಮ ಫೋನಿನಿಂದ ನಾನು ತೆಗೆದ ಆನೆಯ ಫೋಟೊ ಕಳಿಸುತ್ತೇನೆ ಅಂದಿದ್ದಿರಿ.)

---

ಮೈಸೂರು
೧೪ ಡಿಸೆಂಬರ್ ೨೦೨೪

ದಯಾ,

ನಿನ್ನ ಕಾಗದವನ್ನು ಎಷ್ಟು ಸಲ ಓದಿದೆನೋ ಲೆಕ್ಕವಿಲ್ಲ. ನಾನು ಬರೆದದ್ದನ್ನೆಲ್ಲ ಕೇಳಿದ ಮೇಲೂ ಚೆನ್ನಾಗಿ ಬರೆದಿದ್ದೀಯ ಅಂತೀಯ. ಇನ್ನೇನಾದರೂ ಇದ್ದರೆ ಬರೆ ಅಂತೀಯ. ಇನ್ನೇನಿದೆ ನನ್ನ ಹತ್ತಿರ? ನೀನು ಬೈದು ಬರೆದಿದ್ದರೆ ಆ ಕ್ಷಣವೇ ಹೊರಟು ಬರುತ್ತಿದ್ದೆ. ಇದಕ್ಕೆ ಹೇಗೆ ಬರಲಿ?

ತಂತಿ ಕಿತ್ತಿದ್ದು ನನಗೆ ಮೊದಲೇ ಗೊತ್ತಿತ್ತು ದಯಾ. ಇನ್ನೊಂದು ಸಲ ಬರೆಯಬೇಕು ಅಂತಿದ್ದರೆ ಇಗೋ ಬರೆದಿದ್ದೇನೆ.

ಜ್ಞಾನಿ

ಲಿಖಿತಾಳಿಗೆ ಆನೆಯ ಫೋಟೊ ಇಟ್ಟಿದ್ದೇನೆ. ಆಸ್ಪತ್ರೆಯ ವಿಳಾಸ ಗೊತ್ತಿಲ್ಲ, ಮನೆಗೇ ಹಾಕುತ್ತಿದ್ದೇನೆ.

---

ಅರಳಗುಪ್ಪೆ
೨೩ ಡಿಸೆಂಬರ್ ೨೦೨೪

ಜ್ಞಾನೇಶ್ ಅವರಿಗೆ,

ಇವರು ಹತ್ತೊಂಬತ್ತನೇ ತಾರೀಕು ಬೆಳಿಗ್ಗೆ ಹೋದರು. ಇಲ್ಲಿ ತೋಟದಲ್ಲೇ ಮಣ್ಣು ಮಾಡಿದೆವು. ಮಹಾಂತೇಶ್ ನಿಮಗೆ ಫೋನ್ ಮಾಡಿದರಂತೆ, ನೀವು ಎತ್ತಲಿಲ್ಲವಂತೆ. ನಿಮ್ಮ ಹದಿನಾಲ್ಕರ ಕಾಗದ ಮನೆ ಬಾಗಿಲ ಸಂದಿಯಲ್ಲಿತ್ತು. ಮಣ್ಣು ಮುಗಿಸಿ ಬಂದು ನೋಡಿದೆ.

ಆ ಕಾಗದ ನೋಡಿದ ಮೇಲೆ ನಾನು ಬರೆಯದೆ ಇರುವಂತಿಲ್ಲ. ಇವರು ನಿಮ್ಮನ್ನು ಕ್ಷಮಿಸಿ ಹಾಗೆ ಬರೆಸಿದರು ಅಂತಲೋ, ಚುಚ್ಚಲು ಬರೆಸಿದರು ಅಂತಲೋ ನೀವು ಅಂದುಕೊಂಡಿರಬಹುದು. ಎರಡೂ ಅಲ್ಲ. ಇವರಿಗೆ ಗೊತ್ತೇ ಇರಲಿಲ್ಲ.

ಬಟ್ಟೆ ತರಲು ಮನೆಗೆ ಹೋದಾಗ ಸಿಕ್ಕಿದ ನಿಮ್ಮ ಎರಡನೇ ತಾರೀಕಿನ ಕಾಗದವನ್ನು ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ನಾನೇ ಮೊದಲು ಓದಿದೆ. ಮುಗಿಸುವ ಹೊತ್ತಿಗೆ, ಎರಡನೇ ದಿನದಿಂದ ನಿಮ್ಮ ಕೈಯಿಂದ ನೀರು ಕುಡಿದೆನಲ್ಲ, ಅಣ್ಣ ಅಂತ ಬರೆದೆನಲ್ಲ ಅನ್ನಿಸಿತು. ಒಳಗೆ ಹೋದರೆ ಇವರು, "ಓದೇ ಅನೀ, ಏನ್ ಬರ್ದವ್ನೆ?" ಅಂತ ದಿಂಬಿನಿಂದ ತಲೆ ಎತ್ತಿದರು. ಬಂಡೀಪುರದ ಬಾಗಿಲಿನವರೆಗೆ ಬಂದು ನಿಲ್ಲಿಸಿದೆ. ಜಿಂಕೆಗಳು ಬಂದವು, ಟೀ ಕುಡಿದೆವು ಅಂತ ಸೇರಿಸಿ ಮುಗಿಸಿದೆ.

"ಅಷ್ಟೇನಾ?" ಅಂದರು.

"ಅಷ್ಟೇ ಕಣ್ರೀ."

"ಇನ್ನೊಂದ್ ಸಲ ನೋಡು, ಹಿಂದಿನ್ ಪುಟ್ದಲ್ಲೇನಾದ್ರೂ ಐತಾ?"

ಇಲ್ಲ ಅಂದೆ. ಇದನ್ನು ಕೇಳಿದರೆ ಇವರ ಎದೆ ಒಡೆಯುತ್ತದೆ, ಗುಣವಾದ ಮೇಲೆ ಹೇಳೋಣ ಅಂದುಕೊಂಡೆ. ನಿಜ ಬರೆಯಬೇಕೆಂದರೆ ಅದೊಂದೇ ಅಲ್ಲ. ಇವರು ನಿಮ್ಮನ್ನು ಕ್ಷಮಿಸಿಬಿಡುತ್ತಾರೆ ಅನ್ನುವ ಭಯವೂ ಇತ್ತು. ಮೂರು ವರ್ಷ ಇವರ ಹುಣ್ಣು ತೊಳೆದವಳು ನಾನು. ನೀವು ಎರಡು ಹಾಳೆ ಬರೆದು ಹಗುರಾಗುವುದು ನನಗೆ ಬೇಡವಾಗಿತ್ತು.

ಹದಿನೇಳನೇ ತಾರೀಕು ಮಧ್ಯಾಹ್ನ ಜ್ವರ ಇಳಿದು ಸ್ವಲ್ಪ ಗೆಲುವಾಗಿದ್ದರು. ಲಿಖಿತಾ ಕ್ಯಾಂಟೀನಿಗೆ ಹೋಗಿದ್ದಳು. ಆಗ ಇವರಾಗಿಯೇ ಹೇಳಿದರು.

"ಅನೀ, ಅವತ್ತು ನನ್ ಕಾಲು ಜಾರ್ಲಿಲ್ಲ ಕಣೇ. ತಂತಿ ಕಿತ್ತೋಯ್ತು. ಕಿತ್ತಿದ್ ಸದ್ದು ನಾನೇ ಕೇಳುದ್ದೆ."

"ಮತ್ತೆ ಇಷ್ಟು ದಿನ ಯಾಕ್ರೀ ಯಾರ್ಗೂ ಹೇಳ್ಲಿಲ್ಲ?"

"ಹೇಳುದ್ರೆ ಊರೋರು ಅವ್ನ ಬುಡ್ತಿದ್ರಾ? ಅವ್ನಿಗೆ ಮೊದ್ಲೇ ಗೊತ್ತಿತ್ತೋ ಇಲ್ವೋ, ಅಷ್ಟ್ ತಿಳ್ಕೋಬೇಕು ನಂಗೆ. ಅದನ್ನ ಅವ್ನೇ ಹೇಳ್ಬೇಕು. ಗೊತ್ತಿರ್ಲಿಲ್ಲ ಅಂದ್ರೂ ಸರಿ, ಗೊತ್ತಿತ್ತು ಅಂದ್ರೂ ಸರಿ. ಬಂಡೀಪುರ್ದಲ್ಲಿ ಹೇಳ್ತಾನೆ ಅನ್ಕಂಡೆ, ಹೇಳ್ಲಿಲ್ಲ. ಕಾಗ್ದದಲ್ಲೂ ಬರೀಲಿಲ್ಲ. ಅಂದ್ರೆ ಅವ್ನು ನನ್ನ ಅಷ್ಟೂ ನಂಬ್ಲಿಲ್ಲ."

ಇಷ್ಟು ಹೇಳಿ ಗೋಡೆಯ ಕಡೆ ಮುಖ ತಿರುಗಿಸಿದರು. ನಿಮ್ಮ ಕಾಗದ ನನ್ನ ಚೀಲದಲ್ಲೇ ಇತ್ತು. ಮಂಚದ ಕಾಲಿಗೆ ಒರಗಿಸಿದ್ದ ಚೀಲದಲ್ಲಿ, ಕೈ ಚಾಚಿದರೆ ಸಿಗುತ್ತಿತ್ತು. ಸುಳ್ಳು ಹೇಳಿದವಳು ನಾನು ಅಂತ ಒಪ್ಪಿಕೊಳ್ಳಬೇಕಲ್ಲ, ನಾಳೆ ಬೆಳಿಗ್ಗೆ ಓದೋಣ ಅಂದುಕೊಂಡೆ. ಬೆಳಿಗ್ಗೆ ಉಸಿರು ಕಟ್ಟಿತು, ಐಸಿಯು ಒಳಗೆ ಕರೆದುಕೊಂಡು ಹೋದರು. ಆಮೇಲೆ ಇವರಿಗೆ ಎಚ್ಚರವಾಗಲಿಲ್ಲ. ಗಾಜಿನಾಚೆ ನಿಂತು ಕಾಗದ ಹಿಡಿದುಕೊಂಡಿದ್ದೆ. ನರ್ಸಮ್ಮ ಏನಮ್ಮಾ ಚೀಟಿ, ಕೊಡಿ ಅಂದಳು. ಕೊಡಲಿಲ್ಲ.

ನೀವು ಹೇಳಲಿಲ್ಲ ಅನ್ನುವ ನೋವಿನಲ್ಲಿ ಇವರು ಹೋದರು. ನೀವು ಹೇಳಿದ್ದಿರಿ. ಇದನ್ನು ನಾನು ಯಾರ ಹತ್ತಿರ ಹೋಗಿ ಅಳಲಿ? ನಾನು ನಿಮ್ಮನ್ನು ಕ್ಷಮಿಸಿಲ್ಲ. ಆದರೆ ನಿಮ್ಮನ್ನು ಬೈಯಲು ಕೂತರೆ ಈಗ ಆ ಚೀಲ ಕಣ್ಣ ಮುಂದೆ ಬರುತ್ತದೆ.

ಇಪ್ಪತ್ತೊಂಬತ್ತಕ್ಕೆ ಹನ್ನೊಂದನೇ ದಿನ. ಬನ್ನಿ. ಊರವರ ಮುಂದೆ ಏನು ಹೇಳುತ್ತೀರೋ ಅದು ನಿಮಗೆ ಬಿಟ್ಟದ್ದು. ನನಗೆ ಬೇಕಾಗಿರುವುದು ಬೇರೆ. ಜ್ಞಾನಿ ಮಾವ ಅಪ್ಪನಿಗೆ ಉತ್ತರ ಬರೆದರಾ ಅಂತ ಲಿಖಿತಾ ದಿನಾ ಕೇಳುತ್ತಾಳೆ. ಫೋಟೊ ಕೊಟ್ಟಿದ್ದೇನೆ, ಕಾಗದ ಕೊಟ್ಟಿಲ್ಲ. ನಿಮ್ಮ ಎರಡೂ ಕಾಗದಗಳನ್ನು ಅವಳಿಗೆ ಪೂರ್ತಿ ಓದಿ ಹೇಳಬೇಕು, ಒಂದು ಸಾಲೂ ಬಿಡದೆ. ಅದು ನನ್ನೊಬ್ಬಳಿಂದ ಆಗುವುದಿಲ್ಲ. ಓದುವಾಗ ನೀವು ಎದುರಿಗೆ ಕೂತಿರಬೇಕು.

ಅನಿತಾ